ಶಿವ್ಯಾನ ಕಾಲು ಮತ್ತು ನನ್ನ ಪ್ರಗತಿ

ಇನ್ನೊಬ್ಬರ ಕಾಲು ಮುರಿದಾಗ ನಮಗಾಗುವ ಭಾವನೆಯಲ್ಲಿ ದುಃಖ ಎಷ್ಟು, ಲೆಕ್ಕಾಚಾರ ಎಷ್ಟು ಎಂಬುದನ್ನು ಸಾಮಾನ್ಯವಾಗಿ ಯಾರೂ ಬರೆದಿಡುವುದಿಲ್ಲ. ನಾನು ಬರೆದಿಟ್ಟಿದ್ದೇನೆ. ಶಿವ್ಯಾನ ಕಾಲಿನ ಸುದ್ದಿ ಬಂದ ಭಾನುವಾರ ನಾನು ಮನಸಾರೆ ಮರುಗಿದ್ದು ಸುಮಾರು ನಾಲ್ಕು ನಿಮಿಷ. ಐದನೆಯ ನಿಮಿಷಕ್ಕೆ ದಿನಚರಿ ತೆಗೆದು, 'ಹಾಗಾದರೆ ಇನ್ನು ನಾವು ಉಳಿದವರು ಐದೇ ಜನ' ಎಂದು ಬರೆದೆ. ಬಾಸ್ಕೆಟ್‌ಬಾಲ್ ಆಡಲು ಬೇಕಾಗುವುದೂ ಐದೇ ಜನ. ಆ ಐದನೆಯವನು ನಾನು. ಇದನ್ನು ಓದಿ ನನ್ನನ್ನು ಕಟುಕ ಎನ್ನುವವರು ಮೂರು ವರ್ಷ ಒಂದು ತಂಡದ ಆರನೆಯ ಆಟಗಾರನಾಗಿ ಸಿಮೆಂಟಿನ ಕಟ್ಟೆಯ ಮೇಲೆ ಕುಳಿತು ನೋಡಬೇಕು.

ಬರೆದಿಡುವುದು ನನ್ನ ಚಟ. ನಮ್ಮ ಓಣಿಯಲ್ಲಿ ತಿಂಗಳಿಗೆ ಎಷ್ಟು ಸಲ ಕರೆಂಟ್ ಹೋಯಿತು, ಅಪ್ಪ ತಮ್ಮ ಹೈದರಾಬಾದ್ ಪ್ರಯಾಣದ ಕಥೆಯನ್ನು ಎಷ್ಟನೆಯ ಸಲ ಹೇಳಿದರು, ಎಲ್ಲಕ್ಕೂ ನನ್ನಲ್ಲಿ ತಾರೀಖಿದೆ. ಈ ಗುಣ ಕಂಡೇ ನಮ್ಮ ಕೋಚ್ ಗುರುನಾಥ ಸರ್ ನನ್ನನ್ನು ತಂಡಕ್ಕೆ ಸೇರಿಸಿಕೊಂಡದ್ದು. ಆಟ ಕಂಡು ಅಲ್ಲ. ಮೂರು ವರ್ಷದಲ್ಲಿ ನಾನು ಅಂಕಣದೊಳಗೆ ಆಡಿದ್ದು ಒಟ್ಟು ಹನ್ನೊಂದು ನಿಮಿಷ. ಅಷ್ಟರಲ್ಲಿ ಚೆಂಡು ನನ್ನ ಕೈಗೆ ಬಂದದ್ದು ಎರಡು ಸಲ. ಅದರಲ್ಲಿ ಒಂದು ಸಲ ಕೊಟ್ಟವನು ಎದುರಾಳಿ, ಅವನೂ ತಪ್ಪಿ ಕೊಟ್ಟದ್ದು.

ಶಿವರಾಜ ಅಲಿಯಾಸ್ ಶಿವ್ಯಾ ಬೀದರಿನ ನಮ್ಮ ತಂಡದ ಜೀವ. ಆರಡಿ ಎರಡಂಗುಲದ ಈ ಮನುಷ್ಯ ಗಾಳಿಯಲ್ಲಿ ಜಿಗಿದರೆ ಕೆಳಗಿಳಿಯುವ ಮನಸ್ಸಿಲ್ಲದವನಂತೆ ಕಾಣುತ್ತಾನೆ. ನಮ್ಮ ನೂರು ಅಂಕದಲ್ಲಿ ಎಪ್ಪತ್ತು ಅವನವೇ. ಇಂಥವನು ಕಾಲು ಮುರಿದುಕೊಂಡದ್ದು ಆಟದಲ್ಲಿ ಅಲ್ಲ. ಸಾಯಗಾಂವದಲ್ಲಿ ಕಾಕಾನ ಮಗನ ಮದುವೆಯ ಬರಾತಿನ ಮೆರವಣಿಗೆಯಲ್ಲಿ. ಬ್ಯಾಂಡಿನವರ ಗಾಡಿ ಏರಿ ಕುಣಿದ, ಅಲ್ಲಿಂದ ಜಿಗಿದ. ಇಳಿದ ಜಾಗದಲ್ಲಿ ವರನ ಸೋದರಮಾವ ನಿಂತಿದ್ದರು. ಮಾವನಿಗೆ ಏನೂ ಆಗಲಿಲ್ಲ, ಶಿವ್ಯಾನ ಹಿಮ್ಮಡಿಯ ಮೇಲಿನ ಎಲುಬು ಸೀಳಿತು. ಆರು ವಾರ ಪ್ಲಾಸ್ಟರ್. ಬೀದರ್, ಭಾಲ್ಕಿ, ಔರಾದ್ ಮೂರು ತಂಡಗಳ ನಡುವಿನ ಪಂದ್ಯಾವಳಿ ಸರಿಯಾಗಿ ಆ ಆರು ವಾರದೊಳಗೇ ಇತ್ತು. ನಾನು ದಿನಾ ಬೆಳಿಗ್ಗೆ ಫೋನ್ ಮಾಡಿ, "ಕಾಲು ಹ್ಯಾಂಗದಪಾ?" ಎಂದು ಕೇಳುತ್ತಿದ್ದೆ. "ಭಾಳ ನೋಯ್ತದಲೇ" ಎಂದರೆ ನನ್ನ ದಿನ ಚೆನ್ನಾಗಿ ಆರಂಭವಾಗುತ್ತಿತ್ತು.

ಅವನಿಲ್ಲದ ಮೊದಲ ಅಭ್ಯಾಸದಲ್ಲೇ ತಂಡದ ನಿಜವಾದ ರೋಗ ಗೊತ್ತಾಯಿತು. ಶಿವ್ಯಾ ಯಾವಾಗಲೂ ಬುಟ್ಟಿಯ ಎಡಕ್ಕೆ, ನೆಲದ ಸಿಮೆಂಟು ಬಿರುಕು ಬಿಟ್ಟಲ್ಲಿ ನಿಲ್ಲುತ್ತಿದ್ದ. ಅವನಿಗೆ ಚೆಂಡು ಕೊಡುವುದೇ ನಮ್ಮ ಏಕೈಕ ತಂತ್ರ. ಎಷ್ಟು ಅಭ್ಯಾಸವಾಗಿತ್ತೆಂದರೆ ಯಾರೂ ಆ ಕಡೆ ನೋಡುತ್ತಲೂ ಇರಲಿಲ್ಲ, ಸುಮ್ಮನೆ ಎಸೆಯುತ್ತಿದ್ದರು. ಈಗ ಅಲ್ಲಿ ಶಿವ್ಯಾ ಇಲ್ಲ, ಎಸೆತ ಮಾತ್ರ ನಿಂತಿಲ್ಲ. ಒಂದು ಗಂಟೆಯಲ್ಲಿ ಇಪ್ಪತ್ಮೂರು ಸಲ ಚೆಂಡು ಆ ಖಾಲಿ ಜಾಗವನ್ನು ದಾಟಿ ಹೊರಗೆ ಹೋಯಿತು. ನಾಲ್ಕು ಸಲ ಗುರುನಾಥ ಸರ್ ಅವರ ಸ್ಕೂಟರಿಗೆ ಬಡಿಯಿತು. ಐದನೆಯ ಸಲ ಬಡಿದಾಗ ಸರ್ ಸೀಟಿ ಊದಿದರು.

"ಲೇ ಇರ್ಫಾನ್, ಅಲ್ಲಿ ಯಾರಿದ್ದಾರಂತ ಒಗದಿ?"

"ಯಾರೂ ಇಲ್ರಿ ಸರ್. ಕಣ್ಣಿಗೆ ಗೊತ್ತದ, ಕೈಗೆ ಗೊತ್ತಿಲ್ಲ" ಎಂದ ಇರ್ಫಾನ್.

"ಹಂಗಾದ್ರ ಆ ಜಾಗಾದಾಗ ಒಂದು ಕುರ್ಚಿ ಇಡ್ರೋ. ಚೆಂಡು ಹೊರಗ ಹೋಗೋದರ ನಿಲ್ತದ."

"ಕುರ್ಚಿಗೆ ಆಡಾಕ ಬಿಡಂಗಿಲ್ರಿ ಸರ್, ಹೆಸರು ಬರಸಬೇಕಾಗ್ತದ" ಎಂದ ಮಾಧವ. ಮನೆಯಲ್ಲಿ ಮರಾಠಿ, ಹೊರಗೆ ಕನ್ನಡ ಮಾತಾಡುವ ಇವನಿಗೆ ಎರಡರಲ್ಲೂ ಕುಹಕ ಸಲೀಸು. "ಪ್ರಶ್ಯಾನ ಹೆಸರು ಹ್ಯಾಂಗೂ ಪಟ್ಟಿದಾಗ ಅದ. ಅವನ್ನೇ ನಿಂದರಸ್ರಿ."

ಹೀಗೆ, ಕುರ್ಚಿಗೆ ಅರ್ಹತೆ ಇಲ್ಲದ ಕಾರಣ ಆ ಸ್ಥಾನಕ್ಕೆ ನನ್ನ ನೇಮಕವಾಯಿತು. "ನೀ ಏನೂ ಮಾಡಬ್ಯಾಡ" ಎಂದರು ಸರ್, "ಚೆಂಡು ಬಂದ್ರ ಹಿಡಿ, ಯಾರು ಕಾಣಸ್ತಾರ ಅವರಿಗೆ ಕೊಡು. ಬುಟ್ಟಿ ಕಡೆ ಮಾತ್ರ ನೋಡಬ್ಯಾಡ." ಮೂರು ವರ್ಷದಲ್ಲಿ ಅವರು ನನಗೆ ಕೊಟ್ಟ ಅತಿ ದೀರ್ಘ ತರಬೇತಿ ಇದು.

ಭಾಲ್ಕಿಯಲ್ಲಿ ಮೊದಲ ಪಂದ್ಯ. ಜೀಪಿನ ಮುಂದಿನ ಸೀಟಿನಲ್ಲಿ ಪ್ಲಾಸ್ಟರಿನ ಕಾಲು ಚಾಚಿ ಶಿವ್ಯಾನೂ ಬಂದ, ನಮ್ಮ ಸೋಲನ್ನು ಕಣ್ಣಾರೆ ಕಂಡು ಸಂಕಟಪಡಲು. ಆಟ ಶುರುವಾಯಿತು. ಎಲ್ಲರ ಕೈಯಿಂದಲೂ ಚೆಂಡು ನನಗೇ ಬರತೊಡಗಿತು. ಇರ್ಫಾನ್ ನೋಡದೆ ಕೊಟ್ಟ, ಮಾಧವ ಬೆನ್ನು ತಿರುಗಿಸಿ ಕೊಟ್ಟ. ಭಾಲ್ಕಿಯವರು ಗಾಬರಿಯಾದರು. ಕಣ್ಣುಮುಚ್ಚಿ ಎಲ್ಲರೂ ಒಬ್ಬನಿಗೇ ಕೊಡುತ್ತಾರೆಂದರೆ ಅವನು ಎಂಥ ಆಟಗಾರನಿರಬೇಕು! ಅವರ ನಾಯಕ ಕೂಗಿದ: "ಆ ಚಸ್ಮಾದಾಂವನ್ನ ಹಿಡೀರಿ! ಇಬ್ಬರು ಹೋಗ್ರಿ!" ಇಬ್ಬರು ಬಂದು ನನ್ನ ಎರಡೂ ಬದಿಗೆ ಗೋಡೆಯಂತೆ ನಿಂತರು. ನನಗೋ ಚೆಂಡು ಬಂದೊಡನೆ ಹೆದರಿಕೆ. ಬಿಸಿ ಭಜಿ ಹಿಡಿದವನಂತೆ ಕಂಡವರಿಗೆ ದಾಟಿಸಿಬಿಡುತ್ತಿದ್ದೆ. ನನ್ನನ್ನು ಇಬ್ಬರು ಕಾಯುತ್ತಿದ್ದುದರಿಂದ ಉಳಿದ ಮೂವರಿಗೆ ನಮ್ಮ ನಾಲ್ವರನ್ನು ತಡೆಯಲಾಗಲಿಲ್ಲ. ಗೆದ್ದೆವು, ನಲವತ್ತೊಂದು–ಮೂವತ್ತಾರು. ನನಗೆ ಚೆಂಡು ಬಂದದ್ದು ಇಪ್ಪತ್ತೇಳು ಸಲ. ನಾನು ಬುಟ್ಟಿಗೆ ಎಸೆದದ್ದು ಸೊನ್ನೆ.

ಭಾಲ್ಕಿಯ ಕೋಚ್ ಬಂದು ನನ್ನ ಕೈ ಕುಲುಕಿದರು. "ಇಂಥ ನಿಸ್ವಾರ್ಥ ಹುಡುಗನ್ನ ನಾ ನೋಡೇ ಇಲ್ರಿ ಸರ್. ಇಡೀ ಆಟದಾಗ ಒಮ್ಮೆನೂ ತನಗಂತ ಒಗೀಲಿಲ್ಲ!" ಗುರುನಾಥ ಸರ್ ಕೆಮ್ಮಿದರು. ನಾನು ತಲೆ ತಗ್ಗಿಸಿದೆ. ಅದನ್ನೂ ಅವರು ವಿನಯ ಎಂದೇ ತಿಳಿದರು. ವಾಪಸು ಬರುವಾಗ ಎಲ್ಲರೂ ಹಾಡಿದರು, ಶಿವ್ಯಾ ಒಬ್ಬನನ್ನು ಬಿಟ್ಟು. ಮಿರ್ಚಿ ಭಜಿ ಕೊಟ್ಟರೆ "ಹೊಟ್ಟಿ ಬರೋಬ್ಬರಿ ಇಲ್ಲ" ಎಂದ. ಕಾಲು ಮುರಿದ ದಿನವೇ ಮದುವೆಯ ಊಟದಲ್ಲಿ ಎರಡು ಸಲ ಹೋಳಿಗೆ ಬಡಿಸಿಕೊಂಡವನು.

ಸುದ್ದಿ ನಮಗಿಂತ ಮುಂಚೆ ಔರಾದ್ ತಲುಪಿತ್ತು. ಮುಂದಿನ ಶನಿವಾರ ಅಲ್ಲಿಗೆ ಹೋದರೆ ಎಕಂಬಾದಿಂದ, ಚಿಂತಾಕಿಯಿಂದ ಗಾಡಿ ಕಟ್ಟಿಕೊಂಡು ಜನ ಬಂದಿದ್ದರು. "ಅಂವ ಯಾಂವ?" "ಅಗೋ, ಚಸ್ಮಾದಾಂವ." ನಾನು ಬೂಟಿನ ಲೇಸು ಕಟ್ಟುವುದನ್ನೂ ನಾಲ್ಕು ಜನ ಭಕ್ತಿಯಿಂದ ನೋಡಿದರು. ಅರ್ಧ ಆಟದವರೆಗೆ ಎಲ್ಲವೂ ಭಾಲ್ಕಿಯಂತೆಯೇ ನಡೆಯಿತು. ಆರು ಅಂಕ ಮುಂದಿದ್ದೆವು. ನಾನು ಒಳಗೊಳಗೇ ಈ ಖ್ಯಾತಿಗೆ ಒಗ್ಗಿಕೊಳ್ಳುತ್ತಿದ್ದೆ. ಬಹುಶಃ ಎಸೆಯದೇ ಇರುವುದೇ ನನ್ನ ಪ್ರತಿಭೆ ಇರಬಹುದು ಎಂಬ ವಿಚಾರವೂ ಬಂತು. ಅಷ್ಟರಲ್ಲಿ ಔರಾದಿನವನೊಬ್ಬ ಅತಿಯಾದ ಎಚ್ಚರಿಕೆಯಿಂದ ನನ್ನನ್ನು ಕೆಡವಿದ.

ಬುಟ್ಟಿಯ ಬಳಿ ಹಾಗೆ ಕೆಡವಿದ್ದಕ್ಕೆ ತೀರ್ಪುಗಾರರು ಅವರಿಗೆ ದಂಡ ಹಾಕಿ ನಮಗೆ ಎರಡು ಫ್ರೀ ಥ್ರೋ ಕೊಟ್ಟರು: ಅಡ್ಡ ಬರುವವರಿಲ್ಲದೆ, ನಿಂತಲ್ಲಿಂದ ಬುಟ್ಟಿಗೆ ಎರಡು ಎಸೆತ. ಬಿದ್ದವನೇ ಎಸೆಯಬೇಕು. "ಇರ್ಫಾನ್ ಒಗೀತಾನ್ರಿ" ಎಂದೆ. ತೀರ್ಪುಗಾರರು ಒಪ್ಪಲಿಲ್ಲ. "ಕಾಲು ನೋಯ್ತದ್ರಿ" ಎಂದೆ. ಕಟ್ಟೆಯ ಮೇಲಿಂದ ಶಿವ್ಯಾ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ.

ಮೊದಲ ಎಸೆತ ಹಲಗೆಗೂ ತಾಗಲಿಲ್ಲ, ಬಳೆಗೂ ತಾಗಲಿಲ್ಲ. ಪಕ್ಕದಲ್ಲಿ ನಿಂತಿದ್ದ ಮಾಧವನ ಭುಜಕ್ಕೆ ತಾಗಿತು. ಚಿಂತಾಕಿಯ ಅಜ್ಜರೊಬ್ಬರು ಗಟ್ಟಿಯಾಗಿ, "ಬೇಕಂತ ಬಿಟ್ಟಾನಪಾ. ದೊಡ್ಡ ಮನಸಿನ ಹುಡುಗ" ಎಂದರು. ಎರಡನೆಯದು ಹಲಗೆಯ ಮೇಲಿಂದ ಹಾರಿ ಹಿಂದಿನ ಜಾಲಿಕಂಟಿಯಲ್ಲಿ ಬಿತ್ತು. ಅಜ್ಜ ಸ್ವಲ್ಪ ಹೊತ್ತು ಯೋಚಿಸಿ, "ಇಲ್ಲ. ಬರಂಗೇ ಇಲ್ಲ ಇವಂಗ" ಎಂದರು.

ಆಮೇಲೆ ಇಬ್ಬರು ಕಾವಲುಗಾರರೂ ನನ್ನನ್ನು ಬಿಟ್ಟು ಹೋದರು. ನನ್ನ ಸುತ್ತ ಒಂದು ಜೀಪು ನಿಲ್ಲಿಸುವಷ್ಟು ಜಾಗ. ನಮ್ಮವರ ಕೈಗಳಿಗೆ ಮಾತ್ರ ಇದಾವುದೂ ಗೊತ್ತಿಲ್ಲ. ಚೆಂಡು ಬರುತ್ತಲೇ ಇತ್ತು. ಉಳಿದ ನಾಲ್ವರನ್ನು ಅವರ ಐವರು ಮುತ್ತಿಕೊಂಡಿದ್ದರಿಂದ ದಾಟಿಸಲು ಯಾರೂ ಕಾಣರು. ಎಸೆಯಲೇಬೇಕಾಯಿತು. ಒಂಬತ್ತು ಸಲ ಎಸೆದೆ. ಮೂವತ್ತೆಂಟು–ಇಪ್ಪತ್ತೊಂಬತ್ತು, ಸೋತೆವು.

ಆ ಸಂಜೆ ಜೀಪಿನಲ್ಲಿ ಯಾರೂ ಹಾಡಲಿಲ್ಲ. ಶಿವ್ಯಾ ಮಾತ್ರ ತನ್ನ ಭಜಿ ತಿಂದು, ನನ್ನ ಪಾಲಿನದನ್ನೂ ತಿಂದ. "ಬಿಡಪಾ ಪ್ರಶ್ಯಾ, ಫಿಕರ್ ಮಾಡಬ್ಯಾಡ. ಎಲ್ಲಾರಿಗೂ ಹಿಂಗ ಆಗ್ತದ" ಎಂದು ಬೆನ್ನು ಸವರಿದ. ಇಷ್ಟು ಪ್ರೀತಿಯಿಂದ ಅವನು ಎಂದೂ ಮಾತಾಡಿದವನಲ್ಲ.

"ಯಾರಿಗೂ ಆಗಿಲ್ಲಲೇ" ಎಂದ ಮಾಧವ. "ಒಂಬತ್ತಕ್ಕ ಒಂದೂ ಇಲ್ಲ. ಕಣ್ಣು ಕಟ್ಟಿ ಒಗದ್ರೂ ಒಂದರ ಬೀಳ್ತದ."

ಔರಾದನ್ನು ಭಾಲ್ಕಿಯವರು ಸೋಲಿಸಿದರು. ಮೂರೂ ತಂಡಕ್ಕೆ ಒಂದೊಂದು ಗೆಲುವು. ಅಂಕ ಕೂಡಿ ಕಳೆದು ನೋಡಿದಾಗ ಔರಾದಿನವರೂ ಭಾಲ್ಕಿಯವರೂ ಫೈನಲ್ ಆಡಬೇಕಿತ್ತು. ನಮಗೆ ಬಿಡುಗಡೆ ಸಿಕ್ಕಿತೆಂದು ನಾನು ದೇವರಿಗೆ ಕೈ ಮುಗಿದೆ. ಎರಡು ದಿನದಲ್ಲಿ ಔರಾದಿನ ಮೂವರಿಗೆ ಪರೀಕ್ಷೆಯ ತಾರೀಖು ಬಂದು ಅವರು ಹಿಂದೆ ಸರಿದರು. ಫೈನಲ್ ನಮಗೂ ಭಾಲ್ಕಿಗೂ, ಅದೂ ಬೀದರಿನಲ್ಲಿ, ಓಣಿಯ ಜನರೆಲ್ಲ ನೋಡುವಂತೆ, ಮುಂದಿನ ಭಾನುವಾರ. ಜಾಲಿಕಂಟಿಗೆ ಚೆಂಡು ಹೋದ ವಿಡಿಯೊ ಅಷ್ಟರಲ್ಲಿ ಭಾಲ್ಕಿಯ ಪ್ರತಿ ಮೊಬೈಲಿಗೂ ತಲುಪಿತ್ತು. ಪ್ಲಾಸ್ಟರ್ ತೆಗೆಯಲು ಇನ್ನೂ ಹನ್ನೊಂದು ದಿನ, ಪಂದ್ಯಕ್ಕೆ ಆರು.

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೇ ನಾನು ಶಿವ್ಯಾನ ಎಲುಬಿನ ಡಾಕ್ಟರ ಮುಂದೆ ಕುಳಿತಿದ್ದೆ. ನಲವತ್ತೆರಡು ದಿನದ ಪೈಕಿ ಮೂವತ್ತೊಂದು ಮುಗಿದಿವೆ, ಅಂದರೆ ನೂರಕ್ಕೆ ಎಪ್ಪತ್ನಾಲ್ಕು ಪಾಲು ಎಲುಬು ಕೂಡಿರಬೇಕು ಎಂದು ಹಾಳೆಯ ಮೇಲೆ ಬರೆದು ತೋರಿಸಿದೆ. ನೋವೆಂದು ಅವನು ಹೇಳುವುದೆಲ್ಲ ಬರೀ ನಾಟಕ, ನಾನು ದಿನಾ ಫೋನಿನಲ್ಲಿ ಕೇಳುತ್ತೇನೆ, ಧೈರ್ಯವಾಗಿ ಪ್ಲಾಸ್ಟರ್ ಕೊಯ್ದುಬಿಡಿ ಎಂದೂ ವಿನಂತಿಸಿದೆ. ಡಾಕ್ಟರು ಹಾಳೆಯನ್ನು ಎರಡೂ ಬದಿ ತಿರುಗಿಸಿ ನೋಡಿದರು.

"ಪೇಷಂಟಿಗಿಂತ ನಿಮಗೇ ಭಾಳ ಅವಸರ ಕಾಣಸ್ತದಲ್ರಿ. ಏನಾಗಬೇಕು ನೀವು ಅವಂಗ? ಅಣ್ಣಾನೋ, ತಮ್ಮಾನೋ?"

"ಯಾರೂ ಅಲ್ರಿ ಸಾಹೇಬ್ರ," ಎಂದೆ. "ಅವನ ಜಾಗಾದಾಗ ನಿಂದರಾಂವ್ರಿ."