ಅಜ್ಜನನ್ನು ಅಳಿಸಿದ ಒಂದು ಸಾಲು

ಅರ್ಥವಾಗದಂತೆ ಬರೆಯುವುದನ್ನೇ ವಿದ್ಯೆ ಎಂದುಕೊಂಡವರು ಇರುವವರೆಗೆ ನನಗೆ ನಗುವುದಕ್ಕೂ ಬೈಯುವುದಕ್ಕೂ ಬರವಿಲ್ಲ. ನಾನು ಪಿಯುಸಿ ಫೇಲು. ಪಟ್ಟಿಯಲ್ಲಿ ಹೆಸರು ಬಿಟ್ಟುಹೋದವರ ಪರವಾಗಿ ಹರಿಹರದ ಕಚೇರಿಗಳ ಮುಂದೆ ಕೂಗಿ ಕೂಗಿ ಸಾಕಾಗಿ, ಆ ಪಟ್ಟಿಗಳು ಹೇಗೆ ತಯಾರಾಗುತ್ತವೆ ನೋಡೇಬಿಡೋಣ ಎಂದು ಕಂಪ್ಯೂಟರ್ ಕಲಿತೆ. ಈಗ ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ, ಸಂಘಗಳ ಸದಸ್ಯರ ಪಟ್ಟಿ ಇಡುವ ಸಣ್ಣ ಆಫೀಸೊಂದರಲ್ಲಿ ಕೆಲಸ.

೧. ಶುದ್ಧೀಕರಣ

ಪಟ್ಟಿಯಿಂದ ಹೆಸರು ಅಳಿಸಲು ನಮ್ಮಲ್ಲೊಂದು ಟೂಲ್ ಇದೆ. ಅದರ ವಿವರಣೆ ಒಂದೇ ಸಾಲು: “ದತ್ತಾಂಶದ ಸಮಗ್ರ ಶುದ್ಧೀಕರಣವನ್ನು ಕೈಗೊಳ್ಳುತ್ತದೆ.” ಬರೆದವರು ನಮ್ಮ ಮಾಲೀಕರು.

“ಅಳಿಸ್ತೈತೆ ಅಂತ ಬರೀರಿ ಸರ್. ಅಳಿಸಿದ್ದು ವಾಪಸ್ ಬರಂಗಿಲ್ಲ ಅಂತಾನೂ ಬರೀರಿ,” ಎಂದೆ.

“ಅಷ್ಟು ಸಲೀಸಾಗಿ ಬರೆದ್ರೆ ಗಿರಾಕಿ ನಮಗೆ ಬೆಲೆ ಕೊಡ್ತಾನೇನಪ್ಪ? ನಮ್ಮವರಿಗೆಲ್ಲ ಗೊತ್ತೈತೆ, ಸಾಕು.”

ನಮ್ಮವರಿಗೆ ಗೊತ್ತಿತ್ತು, ನಿಜ. ಆದರೆ ಅದೇ ವಾರ ಅವರೊಂದು ಎಐ ಏಜೆಂಟ್ ತಂದು ಕೂರಿಸಿದರು. ಕೆಲಸ ಹೇಳಿದರೆ ಟೂಲುಗಳ ವಿವರಣೆ ತಾನೇ ಓದಿ, ತಾನೇ ಓಡಿಸುವ ಪ್ರೋಗ್ರಾಂ ಅದು. ನಮ್ಮ ಬಾಯಿಮಾತು ಅದಕ್ಕೇನು ಗೊತ್ತು? ಮಾಲೀಕರು ಬರೆದದ್ದನ್ನು ನಂಬಿದ ಮೊದಲ ಪ್ರಾಣಿ ಅದು.

೨. ನಿಂತಿದ್ದವರು ಇಬ್ಬರು

ಭಾನುವಳ್ಳಿ ಕಡೆಯ ಒಂದು ಕಾಲುವೆ ನೀರಿನ ಸಂಘದ ಪಟ್ಟಿ ಬಂತು. “ಕೊನೇ ತೂಬಿನ ಪಟ್ಟಿ ಶುದ್ಧ ಮಾಡು,” ಎಂದರು ಮಾಲೀಕರು. ಏಜೆಂಟ್ ಮಾಡಿತು.

ನಮ್ಮ ಕಡೆ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುತ್ತಾರೆ, ತಲೆತಲಾಂತರದಿಂದ. ಹಾಗಾಗಿ ಅಜ್ಜ ಮೊಮ್ಮಗ ಇಬ್ಬರಿಗೂ ಹೆಸರು ಒಂದೇ, ಇಬ್ಬರ ತಂದೆಯರ ಹೆಸರೂ ಒಂದೇ, ಮನೆಯೂ ಒಂದೇ. ಗದ್ದೆ ಮಾತ್ರ ಬೇರೆ ಬೇರೆ. ಒಂದೇ ಹೆಸರು ಎರಡು ಸಲ ಬಂದಿದೆ ಎಂದುಕೊಂಡು ಏಜೆಂಟ್ ಹಳೆಯದನ್ನು ಅಳಿಸಿತು. ಒಬ್ಬ ಅಜ್ಜ ಹೋದ.

ಆಗಷ್ಟೇ ನಾಟಿ ಹಾಕಿದ ಗದ್ದೆ. ಸರದಿಯ ದಿನ ತೂಬಿನ ಹತ್ತಿರ ಹೋದರೆ, ನೀರು ಬಿಡುವ ನೀರಗಂಟಿ, “ನಿನ್ ಹೆಸರಿಲ್ಲ ಅಜ್ಜ,” ಎಂದು ತೂಬು ಎತ್ತಲೇ ಇಲ್ಲ. ಅಜ್ಜ ಮೊಮ್ಮಗನನ್ನು ಕರೆದುಕೊಂಡು ಸಂಘದ ಅಧ್ಯಕ್ಷರ ಮನೆಗೆ ಹೋದ.

“ಇಬ್ಬರೂ ನಿಮ್ಮ ಎದುರಿಗೇ ನಿಂತೀವಲ್ರಿ.”

“ನಿಂತಿರಬಹುದು. ಕಂಪ್ಯೂಟರ್‌ನಾಗೆ ಒಬ್ಬನೇ ಅದಾನೆ. ಸೋಮವಾರ ಸಭೆಗೆ ಬಾ, ನೀನು ಇದ್ದೀಯೋ ಇಲ್ಲೋ ತೀರ್ಮಾನ ಮಾಡ್ತೀವಿ.”

೩. ಅಜ್ಜ ಹೂಂ ಅಂದ ಸಾಲು

ಅಜ್ಜ ಬಸ್ಸು ಹತ್ತಿ ನಮ್ಮ ಆಫೀಸಿಗೆ ಬಂದ. “ಮಷೀನಿನ ತಪ್ಪು, ನಾವೇನು ಮಾಡಾಕೆ ಬರ್ತೈತೆ,” ಎಂದು ಮಾಲೀಕರು ಎಲೆಗೆ ಸುಣ್ಣ ಹಚ್ಚುತ್ತಾ ಕೂತರು. ನನಗೆ ಉರಿದುಹೋಯಿತು. ಅಜ್ಜನನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಟೂಲಿನ ವಿವರಣೆಯನ್ನು ಹೊಸದಾಗಿ ಬರೆದೆ. ಅಜ್ಜ ಹೂಂ ಅಂದ ಸಾಲಷ್ಟೇ ಉಳಿಯಬೇಕು.

“ಇದು ಪಟ್ಟಿಯಿಂದ ಹೆಸರು ಅಳಿಸುತ್ತದೆ.”

“ಹೂಂ.”

“ಅಳಿಸಿದ ನಂತರ ಪುನಃಸ್ಥಾಪನೆ ಅಸಾಧ್ಯ.”

“ಹಂಗಂದ್ರೆ?”

“ವಾಪಸ್ ಬರಂಗಿಲ್ಲ ಅಂತ.”

“ಹಂಗೇ ಬರಿ ಮತ್ತೆ. ನೀನೂ ನಿಮ್ಮ ಮಾಲೀಕನಂಗೆ ಆಗಾಕೆ ಹತ್ತೀಯಲ್ಲ.”

ತಲೆ ತಗ್ಗಿಸಿ ತಿದ್ದಿದೆ. “ಹೆಸರು, ತಂದೆಯ ಹೆಸರು, ಮನೆ ಒಂದೇ ಇದ್ದರೂ ಇಬ್ಬರು ಇರಬಹುದು. ವಯಸ್ಸು ನೋಡು. ಅನುಮಾನ ಬಂದರೆ ಅಳಿಸಬೇಡ, ಗೊತ್ತಿದ್ದವರನ್ನು ಕೇಳು.”

ಅಜ್ಜ ಎರಡು ಸಲ ಓದಿಸಿ ಕೇಳಿದ. “ಇದರದ್ದೊಂದು ಕಾಪಿ ನಮ್ಮ ನೀರಗಂಟಿಗೂ ಕೊಡಪ್ಪ,” ಎಂದ.

೪. ಗೊತ್ತಿದ್ದವರು ಹೇಳಿ

ಸೋಮವಾರ ಹರಿಹರದಲ್ಲಿ ಸಭೆ. ಅಜ್ಜನ ವಿಷಯ ಕೊನೆಗೆ ಇಟ್ಟಿದ್ದರು. ಮೊದಲು ನಮ್ಮ ಮಾಲೀಕರ ಪ್ರದರ್ಶನ. ಗೋಡೆಯ ಮೇಲೆ ಪರದೆ ಹಾಕಿ, “ಮೊದಲನೇ ತೂಬಿನ ಪಟ್ಟಿ ಈಗ ಒಂದೇ ನಿಮಿಷದಾಗೆ ಶುದ್ಧ, ನೋಡ್ರಿ,” ಎಂದು ಗುಂಡಿ ಒತ್ತಿದರು. ವಿವರಣೆ ಬದಲಾದದ್ದನ್ನು ಅವರು ಓದಿರಲಿಲ್ಲ. ಅವರು ಏನನ್ನೂ ಓದುವುದಿಲ್ಲ. ಏಜೆಂಟ್ ಓದಿತ್ತು. ಕೆಲಸ ನಿಲ್ಲಿಸಿ, ಪರದೆಯ ಮೇಲೆ ದೊಡ್ಡದಾಗಿ ಕೇಳಿತು:

“ಅಧ್ಯಕ್ಷರ ಹೆಸರು ಎರಡು ಸಲ ಇದೆ. ತಂದೆಯ ಹೆಸರು ಒಂದೇ, ಮನೆ ಒಂದೇ. ಒಬ್ಬರಿಗೆ ಅರವತ್ತೆಂಟು ವರ್ಷ, ಇನ್ನೊಬ್ಬರಿಗೆ ಮೂರು. ಇವರು ಇಬ್ಬರು ಸದಸ್ಯರೇ? ಗೊತ್ತಿದ್ದವರು ಹೇಳಿ. ಅಲ್ಲಿಯವರೆಗೆ ಅಳಿಸುವುದಿಲ್ಲ.”

ಕೊನೇ ತೂಬಿನವರ ಗದ್ದೆ ಒಣಗುವಾಗ ಮೊದಲನೇ ತೂಬಿನಲ್ಲಿ ಅಧ್ಯಕ್ಷರಿಗೆ ಎರಡೆರಡು ಸರದಿ ಹೇಗೆ ಸಿಗುತ್ತಿತ್ತು ಎಂಬುದು ಎಲ್ಲರಿಗೂ ಒಟ್ಟಿಗೆ ತಿಳಿಯಿತು.

“ಕೂಸು ಗದ್ದೆಗಿಳಿದು ನಾಟಿ ಹಾಕ್ತೈತೇನ್ರಿ?” ಎಂದರು ಹಿಂದಿನ ಸಾಲಿನಿಂದ ಯಾರೋ.

ಅಧ್ಯಕ್ಷರು ಎದ್ದು ನಿಂತರು. “ಆ ಅಜ್ಜನ ಹೆಸರು ಮೊದಲು ಸೇರಿಸ್ರಿ. ನಾಳೆನೇ ನೀರು ಬಿಡ್ಸ್ರಿ. ಸಭೆ ಮುಗೀತು.”

ಅಜ್ಜನ ಹೆಸರು ಸೇರಿತು. ಸಭೆ ಮುಗಿಯಲಿಲ್ಲ. ಒಬ್ಬರೂ ಏಳಲಿಲ್ಲ.

“ಆಯ್ತಪ್ಪ, ಇದರಾಗೆ ಒಂದು ಅಳಿಸ್ರಿ,” ಎಂದರು ಅಧ್ಯಕ್ಷರು.

ನಮ್ಮ ಮಾಲೀಕರು ಮೌಸ್ ಹಿಡಿದರು. ಪರದೆಯ ಮೇಲೆ ಬಾಣ ಅಧ್ಯಕ್ಷರ ಸಾಲಿಗೂ ಅವರ ಮೊಮ್ಮಗನ ಸಾಲಿಗೂ ನಡುವೆ ಮೇಲೆ ಕೆಳಗೆ ಓಡಾಡಿತು. “ಯಾವುದು ಸರ್? ಮೇಲಿಂದೋ ಕೆಳಗಿಂದೋ?”

ನಮ್ಮ ಅಜ್ಜ ಎದ್ದು ಬಂದು ಅವರ ಭುಜದ ಮೇಲೆ ಕೈ ಇಟ್ಟ.

“ಯಾವುದಾದ್ರೂ ಒತ್ತಪ್ಪ, ಹೆದರಬ್ಯಾಡ. ತಪ್ಪಿದ್ರೆ ಅಧ್ಯಕ್ಷರು ಮುಂದಿನ ಸಭೆಗೆ ಬರ್ಲಿ. ಇದ್ದಾರೋ ಇಲ್ಲೋ ತೀರ್ಮಾನ ಮಾಡಾಣ.”