ಚಂದ್ರಾಮನಿಲ್ಲದ ಕವರು

ಗೋಕಾಕದಲ್ಲಿ ಮೊಬೈಲ್ ಕವರ್ ಮಾರುವ ನನಗೆ ವ್ಯಾಪಾರಕ್ಕೆ ಬರ, ಮಾತಿಗೆ ಸುಗ್ಗಿ; ದಿನಾ ಒಬ್ಬರಾದರೂ ನಗಿಸಿ, ಏನೂ ಕೊಳ್ಳದೆ ಹೋಗುತ್ತಾರೆ. ಹೋದ ವರ್ಷ ತೀರಿಕೊಂಡ ನನ್ನ ಹೆಂಡತಿ ಒಮ್ಮೆ ಮಾಳಿಗೆಯ ಮೇಲೆ ನೀರಿನ ಟಾಕಿಗೆ ಫೋನ್ ಒರಗಿಸಿ ನಕ್ಷತ್ರ ತುಂಬಿದ ರಾತ್ರಿ ಆಕಾಶದ ಫೋಟೋ ತೆಗೆದಿದ್ದಳು; ನಮ್ಮ ಕಡೆ ನಕ್ಷತ್ರಕ್ಕೆ ಚಿಕ್ಕಿ ಅನ್ನುತ್ತೇವೆ. ಅದನ್ನೇ ಕವರುಗಳ ಮೇಲೆ ಅಚ್ಚು ಹಾಕಿ ತೂಗುಹಾಕಿದ್ದೇನೆ. ಅವಳ ಫೋಟೋವನ್ನು ಒಬ್ಬರಾದರೂ ಮೆಚ್ಚಿ ಒಯ್ಯಲಿ ಅನ್ನುವುದೊಂದೇ ನನ್ನ ಆಸೆ.

೧. ಅಮಾಸಿ

ಮೂಡಲಗಿಯ ಗಂಡ ಹೆಂಡತಿ ಹೊಸ ಫೋನು ಹಿಡಿದು ಬಂದರು. ಗಂಡ ಆ ಕವರು ಆರಿಸಿದ. ಹೆಂಡತಿ ಕಸಿದುಕೊಂಡು, "ಇದರಾಗ ಚಂದ್ರಾಮ ಎಲ್ಲದಾನ್ರಿ?" ಅಂದಳು.

"ಚಂದ್ರಾಮ ಇದ್ರ ಇಷ್ಟ ಚಿಕ್ಕಿ ಕಾಣೂದಿಲ್ರಿ ಅಕ್ಕಾರ."

"ಅಂದ್ರ ಅಮಾಸಿ! ಹೊಸಾ ಫೋನಿಗೆ ಯಾರರ ಅಮಾಸಿ ಹಾಕ್ತಾರೇನ್ರಿ?"

ಗಂಡ ಕವರು ತಿರುಗಿ ತೂಗುಹಾಕಿ ನನ್ನ ಕಿವಿಯಲ್ಲಿ ಹೇಳಿದ: "ನಮ್ಮ ಲಗ್ನ ಹುಣ್ಣಿವಿ ನೋಡೇ ಮಾಡಿದ್ರು. ಏನ್ ಉಪಯೋಗ ಆತು ಹೇಳ್ರಿ."

೨. ಅರ್ಧ ಹೊಟ್ಟಿ

ಹುಕ್ಕೇರಿಯ ಜೈನ ಕಾಕಾ ಒಬ್ಬರು ಮೆಚ್ಚಿ ಒಯ್ದೇಬಿಟ್ಟರು. ಅಂದು ನನಗೆ ಎಷ್ಟೋ ತಿಂಗಳ ಮೇಲೆ ಊಟ ರುಚಿಸಿತು. ಆದರೆ ವಾರದೊಳಗೆ ಕವರು ವಾಪಸ್ ಬಂತು. ಹೊತ್ತು ಮುಳುಗಿದ ಮೇಲೆ ತುತ್ತು ಎತ್ತದ ಮನೆತನ ಅವರದು.

"ಬಣ್ಣ ಹೋತೇನ್ರಿ ಕಾಕಾ?"

"ಬಣ್ಣ ಛಲೋ ಐತಿ. ಮಧ್ಯಾಹ್ನ ತಾಟಿನ ಬಾಜೂಕ ಫೋನ್ ಇಟ್ಟು ಕುಂತ್ರ, ಚಿಕ್ಕಿ ಕಂಡ ಕೂಡ್ಲೆ ಕೈ ತಾನ ನಿಲ್ಲತೈತಿ. ಅರ್ಧ ಹೊಟ್ಟೀಲೆ ಏಳಾಕತ್ತೇನಿ. ಸೂರ್ಯಾನ ಕವರ್ ಇದ್ರ ಕೊಡ್ರಿ, ಎರಡ ರೊಟ್ಟಿ ಜಾಸ್ತಿ ಉಣ್ತೇನಿ."

೩. ತೋಟದ ಮಾತು

ಕೌಜಲಗಿಯ ರೈತ ಮುಟ್ಟಲೂ ಇಲ್ಲ. "ಕರೆಂಟ್ ರಾತ್ರಿನ ಕೊಡ್ತಾರ. ಕಬ್ಬಿಗೆ ನೀರ ಹಾಯಸ್ಕೋತ ಇದನ್ನ ನೋಡಿ ನೋಡಿ ಸಾಕಾಗೇತಿ. ಹಗಲಿನ್ಯಾಗೂ ಕಿಸೇದಾಗ ಇಟ್ಕೊಂಡು ತಿರಗಲೇನ್ರಿ?"

೪. ಬಾಜೂದ ಚಿಕ್ಕಿ

ಘೋಡಗೇರಿಯಿಂದ ಅಜ್ಜಿಯೊಬ್ಬಳು ಬಂದಳು. ಅವಳ ಗಂಡ ಈ ಬೇಸಿಗೆಯಲ್ಲಿ ತೀರಿಕೊಂಡಿದ್ದರು. ಅಜ್ಜ ಚಿಕ್ಕಿಯಾಗಿದ್ದಾನೆಂದು ಮೊಮ್ಮಗಳು ಸಮಾಧಾನ ಹೇಳಿದ್ದಳಂತೆ. ಅಜ್ಜಿ ಕವರನ್ನು ಕಣ್ಣಿನ ಹತ್ತಿರ ಹಿಡಿದು ಎಲ್ಲಕ್ಕಿಂತ ದೊಡ್ಡ ಚಿಕ್ಕಿ ಹುಡುಕಿದಳು.

"ಇವ್ರ ನೋಡು. ಊರ ಪಂಚಾಯ್ತಿ ಹಿರ್ಯಾರಾಗಿದ್ರು, ಸಣ್ಣ ಚಿಕ್ಕಿ ಆಗಾವ್ರಲ್ಲ." ಮರುಕ್ಷಣ ಮುಖ ಗಂಟಾಯಿತು. "ಇವ್ರ ಬಾಜೂಕ ಮಿಣಮಿಣ ಅನ್ನಾಕತ್ತಾಳಲ್ಲ, ಯಾರಾಕಿ?"

"ಅದೂ ಒಂದ ಚಿಕ್ಕೀನ ಆಯಿ."

"ಅಳಿಸಿ ಕೊಡು. ಆಮ್ಯಾಲ ಒಯ್ತೇನಿ."

ಹೆಂಡತಿ ತೆಗೆದ ಫೋಟೋಕ್ಕೆ ಕೈ ಹಚ್ಚಲು ಮನಸ್ಸಿರಲಿಲ್ಲ. ಆದರೂ ಕಂಪ್ಯೂಟರಿನಲ್ಲಿ ಆ ಚಿಕ್ಕಿ ಅಳಿಸಿ, ಅಜ್ಜಿಯೆದುರಿಗೇ ಹೊಸ ಕವರು ಮಾಡಿಕೊಟ್ಟೆ.

"ಅಲ್ಲಿ ಖಾಲಿ ಖಾಲಿ ಕಾಣ್ತೈತಲ್ಲ ಆಯಿ?" ಅಂದೆ.

"ಕಾಣಲಿ ಬಿಡೋ ತಮ್ಮಾ," ಅಜ್ಜಿ ಗದರಿದಳು. "ಅದು ನನ್ನ ಜಾಗಾ. ನಾ ಹೋಗೂತನಕ ಅಲ್ಲಿ ಯಾರನ್ನೂ ಕುಂಡ್ರಸಬ್ಯಾಡ."