ಗುಟುರು ಡಬ್ಬಿಗೊಂದು ಬದಲಿ

ಮುರಿದದ್ದು ಒಂದು ಕಾಲು. ಮನುಷ್ಯನದೂ ಅಲ್ಲ, ದನದ್ದೂ ಅಲ್ಲ. ಕಡಲೆಕಾಳಿನ ಗಾತ್ರದ ಒಂದು ಹಳೆಯ ಟ್ರಾನ್ಸಿಸ್ಟರಿನದು. ತಗಡಿನ ಟೋಪಿ ಹಾಕಿಕೊಂಡು ಮೂರು ಕಾಲಿನ ಮೇಲೆ ಓರೆಯಾಗಿ ನಿಂತಿದ್ದ ಅದನ್ನು ಟೆಸ್ಟರ್ ಬೆಳಗ್ಗೆ ಎದ್ದವನೇ ತುಸು ನೆಟ್ಟಗೆ ಮಾಡೋಣವೆಂದು ಚಿಮಟದಲ್ಲಿ ಹಿಡಿದ. ಟಕ್ ಎಂದಿತು.

"ಏನ್ರೀ ಅದು ಟಕ್ ಅಂದಿದ್ದು?" ಅಡುಗೆಮನೆಯಿಂದ ಹೆಂಡತಿ ಕೇಳಿದಳು.

"ಏನಿಲ್ಲ."

"ನೀವು ಏನಿಲ್ಲ ಅಂದ್ರೆ ಏನೋ ಆಗಿದೆ ಅಂತಾನೇ."

ಡೇರಿಗೆ ಬರುವ ಹಾಲಿನಲ್ಲಿ ಕೊಬ್ಬು ಎಷ್ಟಿದೆಯೆಂದು ಅಳೆಯುವುದು ಅವನ ಕೆಲಸವಾದ್ದರಿಂದ ಊರಿಗೆಲ್ಲ ಅವನು ಟೆಸ್ಟರ್. ಬಿಡುವಿನಲ್ಲಿ ಗಿಟಾರು ಬಾರಿಸುತ್ತಿದ್ದ, ಹಟ್ಟಿಯ ಕರು ಕೂಡ ಕಿವಿ ಅಲ್ಲಾಡಿಸದಷ್ಟು ಮೆತ್ತಗೆ. ಡೇರಿಯ ನೌಕರರದೇ ಒಂದು ವಾದ್ಯತಂಡವಿತ್ತು. ಅದರಲ್ಲಿ ಗಿಟಾರು ಮ್ಯಾನೇಜರರದು. ವೈರು ಎಳೆಯುವುದು, ವೈರು ಸುತ್ತುವುದು ಟೆಸ್ಟರನದು. ಈ ವರ್ಷ ಮಾತ್ರ ಮ್ಯಾನೇಜರು ಮಾತು ಕೊಟ್ಟಿದ್ದರು: "ಹಳೇ ಕಾಲದ ಆ ಗುಟುರು ಡಬ್ಬಿ ಇದೆಯಲ್ಲ, ಗಿಟಾರಿಗೂ ಸ್ಪೀಕರಿಗೂ ಮಧ್ಯೆ ಇಡೋದು, ಅದನ್ನ ಮಾಡ್ಕೊಡು. ಗಿಟಾರು ಹೋರಿ ಥರ ಗುಟುರು ಹಾಕ್ಬೇಕು. ಹಾಕಿದ್ರೆ ವೇದಿಕೆ ಮೇಲೆ ನನ್ನ ಪಕ್ಕ ನೀನು, ನಿನ್ನ ಗಿಟಾರು. ಇಲ್ಲಾಂದ್ರೆ ವೈರು."

ಆ ಡಬ್ಬಿಯ ಜೀವವೇ ಈಗ ಕಾಲು ಮುರಿದುಕೊಂಡ ಟ್ರಾನ್ಸಿಸ್ಟರು. ಡೇರಿಯ ವಾರ್ಷಿಕೋತ್ಸವ ಆ ದಿನ ಸಂಜೆಯೇ. ಗಂಡ ವೇದಿಕೆ ಹತ್ತುತ್ತಾನೆಂದು ಹೆಂಡತಿ ಬೀದಿಗೆಲ್ಲ ಸಾರಿಬಿಟ್ಟಿದ್ದಳು. ಹೊಸ ಅಂಗಿ ಇಸ್ತ್ರಿಯಾಗಿ ಗೂಟಕ್ಕೆ ನೇತಾಡುತ್ತಿತ್ತು.

ಪಕ್ಕದ ಮನೆಯ ಗೋಡೆಯ ಮೇಲೆ ಒಂದು ಬೋಳುತಲೆ ಮೂಡಿತು. ನಿವೃತ್ತ ಲೈನ್‌ಮನ್. ಮೂವತ್ತು ವರ್ಷ ಕಂಬ ಹತ್ತಿ ಇಳಿದ ಆತನಿಗೆ ಕರೆಂಟಿನ ವಿಷಯದಲ್ಲಿ ತಿಳಿಯದ್ದೇ ಇಲ್ಲವೆಂದು ಆತನೇ ಹೇಳುತ್ತಿದ್ದ.

"ಏನಯ್ಯಾ ಟೆಸ್ಟರ್, ಮುಖ ಒಡೆದ ಹಾಲಿನ ಥರ ಆಗಿದೆ?"

"ಇದರ ಕಾಲು ಮುರೀತು ಯಜಮಾನ್ರೇ."

"ಅಷ್ಟೇನಾ? ಒಂದಿಲ್ದಿದ್ರೆ ಇನ್ನೊಂದು. ನಡಿ ಅಂಗಡಿಗೆ, ನಾನೂ ಬರ್ತೀನಿ. ನಿನ್ನನ್ನ ಒಬ್ಬನ್ನೇ ಬಿಟ್ರೆ ಟೋಪಿ ಹಾಕ್ತಾನೆ."

ಅಂಗಡಿಯವನು ಮುರಿದ ಟ್ರಾನ್ಸಿಸ್ಟರನ್ನು ಅಂಗೈಯಲ್ಲಿಟ್ಟುಕೊಂಡು, ಸತ್ತ ದೂರದ ಸಂಬಂಧಿಯನ್ನು ನೋಡುವಂತೆ ನೋಡಿದ.

"ಇದು ಈಗ ಬರೋದೇ ಇಲ್ಲ. ಇದರ ಬದಲು ಇದು ನಡೆಯತ್ತೆ."

"ಜಾತಿ ಬೇರೆ ಅಲ್ವಾ? ನನಗೆ ಬೇಕಾಗಿರೋದು..."

"ಮೂರು ಕಾಲು ಇದೆಯಾ ಇಲ್ವಾ?"

"ಇದೆ."

"ಮತ್ತೆ?" ಎಂದ ಲೈನ್‌ಮನ್, ಅಂಗಡಿಯವನಿಗಿಂತ ಮೊದಲೇ.

ಮನೆಗೆ ಬಂದು ಬೆಸೆದು ನೋಡಿದರೆ ಡಬ್ಬಿ ಉಸಿರೂ ಬಿಡಲಿಲ್ಲ. ಟೆಸ್ಟರನ ಅನುಮಾನ ನಿಜವಾಗಿತ್ತು: ಹಳೆಯದಕ್ಕೆ ಕರೆಂಟು ಒಂದು ದಿಕ್ಕಿನಿಂದ ಹರಿಯಬೇಕು, ಇದಕ್ಕೆ ಇನ್ನೊಂದು ದಿಕ್ಕಿನಿಂದ. ನೊಗಕ್ಕೆ ಎತ್ತನ್ನು ಹಿಂದುಮುಂದಾಗಿ ಕಟ್ಟಿ ಹೋ ಹೋ ಎಂದಂತಾಗಿತ್ತು.

"ಕೆಪಾಸಿಟರ್ ದೊಡ್ಡದು ಹಾಕು, ತಾನಾಗೇ ಕೂಗತ್ತೆ" ಎಂದು ಲೈನ್‌ಮನ್ ತನ್ನ ಮನೆಯ ಸೀಲಿಂಗ್ ಫ್ಯಾನಿನದನ್ನೇ ಬಿಚ್ಚಿ ತಂದ. ಅದು ಡಬ್ಬಿಗಿಂತ ದೊಡ್ಡದಿತ್ತು.

"ಇದು ಹಿಡಿಸಲ್ಲ ಯಜಮಾನ್ರೇ."

"ಡಬ್ಬಿ ದೊಡ್ಡದು ಮಾಡು."

ಕೊನೆಗೆ ಟೆಸ್ಟರನೇ ಬಾಯಿಬಿಟ್ಟು ಕೇಳಿದ. ಲೈನ್‌ಮನ್ನನ ಅಟ್ಟದ ಮೇಲೆ ಉಸಿರು ನಿಂತ ಒಂದು ಮುದಿ ರೇಡಿಯೋ ಇತ್ತು. ಅದರೊಳಗೆ ತಗಡಿನ ಟೋಪಿಯವರು ಇರಲೇಬೇಕು.

"ನಮ್ಮಪ್ಪನ ರೇಡಿಯೋ ಹೊಟ್ಟೆ ಕುಯ್ಯೋದಾ!" ಎಂದು ಲೈನ್‌ಮನ್ ಮೊದಲು ಹೌಹಾರಿದ. ಆಮೇಲೆ, ತಾನೇ ಕುಯ್ಯುವುದಾದರೆ ಆಗಬಹುದು ಎಂದ. ಇಕ್ಕಳ ಹಿಡಿದು ಎಳೆದ ರಭಸಕ್ಕೆ ಮೂರರಲ್ಲಿ ಎರಡು ಟೋಪಿಗಳು ಹಾರಿಹೋದವು, ಒಂದು ಉಳಿಯಿತು.

ಆ ಒಂದು ಸರಿಯಾದ ಜಾತಿಯದೇ. ಆದರೆ ಮುದಿಯಾಗಿ ಒಳಗೊಳಗೇ ಕರೆಂಟು ಸೋರುತ್ತಿತ್ತು, ತೂತಾದ ಕ್ಯಾನಿನ ಹಾಗೆ. ಗಿಟಾರು ಮೀಟಿದರೆ ಡಬ್ಬಿಯಲ್ಲಿ ಸಿಕ್ಕ ಸೊಳ್ಳೆಯಂತೆ ಗುಂಯ್ ಎಂದಿತು, ಅಷ್ಟೇ. ಹೊಸ ಭಾಗ ಬಂದ ಮೇಲೆ ಅದರ ಗುಣಕ್ಕೆ ತಕ್ಕಂತೆ, ಕರೆಂಟನ್ನು ತಡೆದು ಹದಕ್ಕಿಡುವ ಪಕ್ಕದ ರೆಸಿಸ್ಟರನ್ನೂ ಬದಲಿಸಬೇಕು, ಹೊಸ ಸೊಸೆ ಬಂದಾಗ ಅತ್ತೆಯೂ ತುಸು ಬದಲಾಗಬೇಕಾದಂತೆ. ಟೆಸ್ಟರ್ ತನ್ನ ಡಬ್ಬದಲ್ಲಿದ್ದ ರೆಸಿಸ್ಟರುಗಳನ್ನೆಲ್ಲ ಒಂದೊಂದಾಗಿ ಹಚ್ಚಿ ನೋಡಿದ. ಒಂದಕ್ಕೆ ಸೊಳ್ಳೆ ದಪ್ಪವಾಯಿತು, ಇನ್ನೊಂದಕ್ಕೆ ಸತ್ತೇಹೋಯಿತು. ಮತ್ತೆ ಅಂಗಡಿಗೆ ಓಡಿದರೆ ಬಾಗಿಲು ಹಾಕಿತ್ತು. ಅಂಗಡಿಯವನು ವಾರ್ಷಿಕೋತ್ಸವಕ್ಕೆ ಜಾಗ ಹಿಡಿಯಲು ಹೋಗಿದ್ದ.

ಸಂಜೆ ಪರದೆಯ ಹಿಂದೆ ಮ್ಯಾನೇಜರು ಗಿಟಾರು ಸಿಕ್ಕಿಸಿ ಮೀಟಿದರು. ಗುಂಯ್.

"ಹೋರಿ ಕೇಳಿದ್ರೆ ಸೊಳ್ಳೆ ತಂದಿದ್ದೀಯಲ್ಲೋ!"

"ಸಾರ್, ಒಂದೇ ನಿಮಿಷ" ಎಂದು ಟೆಸ್ಟರ್ ಡಬ್ಬಿಯ ಮುಚ್ಚಳ ತೆಗೆದ. ವೈರು ಸಡಿಲವಾಗಿದೆಯೇ ಎಂದು ತಡಕುವಾಗ ಬೆವೆತ ಹೆಬ್ಬೆರಳು ಎರಡು ಬೆಸುಗೆ ಚುಕ್ಕಿಗಳ ಮೇಲೆ ಅಡ್ಡ ಬಿತ್ತು. ಮ್ಯಾನೇಜರು ಸಿಟ್ಟಿನಿಂದ ಗಿಟಾರಿನ ತಂತಿಯನ್ನೊಮ್ಮೆ ಎಳೆದರು.

ಸ್ಪೀಕರು ಗುಟುರು ಹಾಕಿತು. ಪರದೆ ಅದುರಿತು. ಆಚೆ ಮಗುವೊಂದು ಅಳತೊಡಗಿತು.

ಟೆಸ್ಟರ್ ಬೆರಳು ತೆಗೆದ. ಗುಂಯ್. ಇಟ್ಟ. ಗುಟುರು.

"ತೆಗೀಬೇಡ!" ಎಂದು ಕೂಗಿದರು ಮ್ಯಾನೇಜರು.

"ಮನುಷ್ಯನೂ ಒಂದು ರೆಸಿಸ್ಟರ್ರೇ ಕಣಯ್ಯಾ" ಎಂದ ಜೊತೆಗೇ ಬಂದಿದ್ದ ಲೈನ್‌ಮನ್, ತಾನೇ ಕಂಡುಹಿಡಿದವನಂತೆ.

"ಹಾಗಾದ್ರೆ ನೀವೇ ಹಿಡ್ಕೊಳ್ಳಿ ಯಜಮಾನ್ರೇ, ಸಣ್ಣ ಬ್ಯಾಟರಿ, ಷಾಕ್ ಹೊಡೆಯಲ್ಲ. ನಾನು ಗಿಟಾರು ತಗೊಳ್ತೀನಿ" ಎಂದು ಟೆಸ್ಟರ್ ಗೋಗರೆದ.

ಲೈನ್‌ಮನ್ ಬೆರಳಿಟ್ಟ. ಕಂಬ ತಬ್ಬಿ ತಬ್ಬಿ ಹಲಸಿನ ಮರದ ತೊಗಟೆಯಂತಾಗಿದ್ದ ಆ ಚರ್ಮದೊಳಗೆ ಕರೆಂಟು ಹೊಗಲೇ ಇಲ್ಲ. ಹಾಲಿನ ವ್ಯಾನಿನ ಡ್ರೈವರನ ಬೆರಳಿಗೆ ಗ್ರೀಸು ಮೆತ್ತಿತ್ತು, ಡಬ್ಬಿ ಕೆಮ್ಮಿತು. ಮುಂದಿನ ಸಾಲಿನಿಂದ ಅಂಗಡಿಯವನನ್ನು ಕರೆಸಿ, ಸರಿಹೊಂದುವ ರೆಸಿಸ್ಟರ್ ಇದೆಯೇ ಎಂದು ಕೇಳಿದರು. ಅವನು ಟೆಸ್ಟರನ ಹೆಬ್ಬೆರಳನ್ನು ಹಿಂದುಮುಂದು ತಿರುಗಿಸಿ ನೋಡಿದ.

"ಅದರ ಬದಲು ಇದೇ ನಡೆಯತ್ತಲ್ಲ!"

ಮ್ಯಾನೇಜರು ಟೆಸ್ಟರನ ಹೆಗಲ ಮೇಲೆ ಕೈಯಿಟ್ಟರು. "ನೋಡಪ್ಪ, ವೇದಿಕೆ ಮೇಲೆ ಅಂದಿದ್ದೆ. ನನ್ನ ಪಕ್ಕ ಅಂದಿದ್ದೆ. ಮಾತಿಗೆ ತಪ್ಪೋನಲ್ಲ ನಾನು."

ವೇದಿಕೆಯ ಮೇಲೆ, ಮ್ಯಾನೇಜರರ ಪಕ್ಕದಲ್ಲಿ, ಒಂದು ಮೇಜು ಬಂತು. ಅದರ ಮೇಲೆ ನೆಲಮುಟ್ಟುವ ಬಟ್ಟೆ, ಬಟ್ಟೆಯ ಮೇಲೆ ಹೂದಾನಿ. ಮೇಜಿನ ಕೆಳಗೆ ಇಸ್ತ್ರಿ ಅಂಗಿ ಹಾಕಿಕೊಂಡು, ಮೊಣಕಾಲಿಗೆ ಗಲ್ಲ ತಾಗಿಸಿಕೊಂಡು, ಡಬ್ಬಿಯೊಳಗೆ ಹೆಬ್ಬೆರಳಿಟ್ಟು ಟೆಸ್ಟರ್ ಕೂತ.

ಪರದೆ ಎದ್ದಿತು. ಗಿಟಾರು ಗುಟುರು ಹಾಕಿತು. ಜನ ಶಿಳ್ಳೆ ಹಾಕಿದರು. "ಮ್ಯಾನೇಜರ್ ಸಾಹೇಬ್ರು! ಮ್ಯಾನೇಜರ್ ಸಾಹೇಬ್ರು!" ಎಂಬ ಕೂಗು ಬಟ್ಟೆಯಾಚೆಯಿಂದ ಕೇಳುತ್ತಿದ್ದಂತೆ ಟೆಸ್ಟರನ ಸಿಟ್ಟು ಒಲೆಯ ಮೇಲಿನ ಹಾಲಿನಂತೆ ಕಾಯತೊಡಗಿತು. ಮೂರನೆಯ ಹಾಡಿನ ನಡುವೆ ಅದು ಉಕ್ಕಿತು. ಆಗಿದ್ದಾಗಲಿ, ಊರಿನವರ ಮುಂದೆ ಸೊಳ್ಳೆ ಕೂಗಲಿ ಎಂದು ಹಲ್ಲು ಕಚ್ಚಿ ಬೆರಳೆತ್ತಿದ.

ಗುಟುರು ತಟ್ಟನೆ ನಿಂತು ದಾರದೆಳೆಯಂಥ ದನಿಯಾಯಿತು. ಸಭೆ ಗಪ್‌ಚಿಪ್. ಅಂಜಿದ ಟೆಸ್ಟರ್ ಬೆರಳಿಟ್ಟ, ಗುಟುರು ನುಗ್ಗಿತು. ಮತ್ತೆ ಸಿಟ್ಟು ಬಂದು ಎತ್ತಿದ. ಮತ್ತೆ ಅಂಜಿ ಇಟ್ಟ. ಹಾಗೆ ನಾಲ್ಕೈದು ಸಲ ಆಗುವಷ್ಟರಲ್ಲಿ ಜನ ಕುರ್ಚಿಬಿಟ್ಟು ಎದ್ದು ನಿಂತಿದ್ದರು. ಚಪ್ಪಾಳೆಗೆ ಹೂದಾನಿ ಉರುಳಿ, ನೀರೆಲ್ಲ ಬಟ್ಟೆಯ ಅಂಚಿನಿಂದ ಟೆಸ್ಟರನ ಹೊಸ ಅಂಗಿಯ ಬೆನ್ನಿಗಿಳಿಯಿತು.

ಮನೆಗೆ ಹೋಗುವಾಗ ಅರ್ಧ ದಾರಿಯಲ್ಲಿ ಹೆಂಡತಿ ಗಂಡನ ಕಡೆ ತಿರುಗಿ ನಿಂತಳು.

"ಎಲ್ರೂ ಕೇಳಿದ್ರು, ನಿಮ್ಮ ಯಜಮಾನ್ರು ಎಲ್ಲಿ ಅಂತ. ಎಲ್ಲಿ ಹೋಗಿದ್ರಿ?"

"ವೇದಿಕೆ ಮೇಲೇ ಇದ್ದೆ ಕಣೇ."

"ಸುಳ್ಳು ಬೇರೆ. ಅಂಗಿ ನೋಡಿದ್ರೆ ಬಚ್ಚಲಲ್ಲಿ ಬಿದ್ದಿದ್ದ ಹಾಗಿದೆ." ಮತ್ತೆ ನಾಲ್ಕು ಹೆಜ್ಜೆ ನಡೆದು ಅವಳು ನಿಟ್ಟುಸಿರಿಟ್ಟಳು. "ಅಲ್ಲಾ, ಮ್ಯಾನೇಜರ್ರು ಆ ಮೂರನೇ ಹಾಡಲ್ಲಿ ನಿಲ್ಲಿಸಿ ನಿಲ್ಲಿಸಿ ಬಾರಿಸಿದ್ರಲ್ಲ, ಮೈ ಜುಂ ಅಂತು ನೋಡಿ. ನೀವೂ ಇಷ್ಟು ವರ್ಷದಿಂದ ಕುಯ್ಯೋ ಅಂತ ಕುಯ್ತಾ ಇರೋ ಬದಲು, ಅವರ ಹತ್ರ ಅದೊಂದಾದ್ರೂ ಕಲೀಬಾರ್ದಾ?"